ಗೊಣಗದ ಕಾರು

ಮೂವತ್ತು ವರ್ಷ ಒಂದೇ ಮಾತು ಆಡಿಕೊಂಡು ಬಂದ ಗಂಡಸು ಇದ್ದಕ್ಕಿದ್ದಂತೆ ಅದಕ್ಕೆ ಉಲ್ಟಾ ನಡೆದುಕೊಂಡನೆಂದರೆ ಅದರ ಹಿಂದೆ ಏನೋ ಇರಲೇಬೇಕು. ಹೆಂಗಸು, ಇಲ್ಲವೇ ಹೆಂಡ. ನನಗೆ ಅನುಮಾನದ ಬುದ್ಧಿ ಅಂತ ಊರಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾರ್ವೆಯ ಉತ್ತರ ತುದಿ, ಫಿನ್‌ಮಾರ್ಕಿನ ಈ ಮೂಲೆಯಲ್ಲಿ ಸಮುದ್ರವನ್ನು ನಂಬಿದವರು, ಆಕಾಶವನ್ನು ನಂಬಿದವರು ಎಲ್ಲ ಚರ್ಚಿನ ಹಿಂದೆ ಮಲಗಿದ್ದಾರೆ. ನಾನಿನ್ನೂ ಓಡಾಡಿಕೊಂಡಿದ್ದೇನೆ.

ನನ್ನ ಗಂಡ ಅಸ್ಲಾಕ್ ಕೆಲಸದಲ್ಲಿ ಇದ್ದಷ್ಟು ದಿನವೂ ಬೆಟ್ಟದ ರಸ್ತೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸಿದವನು. ನಮ್ಮೂರಿಂದ ಆಚೆ ಹೋಗಲು ಇರುವುದು ಅದೊಂದೇ ರಸ್ತೆ. ಗಾಳಿ ಜೋರಾದರೆ ಗೇಟು ಬೀಳುತ್ತದೆ. ಹೋಗಬೇಕಾದವರೆಲ್ಲ ಗೇಟಿನ ಹತ್ತಿರ ಸಾಲಾಗಿ ನಿಲ್ಲಬೇಕು. ಆಮೇಲೆ ಹಿಮದ ಲಾರಿ ಮುಂದೆ, ಕಾರುಗಳೆಲ್ಲ ಅದರ ಹಿಂದೆ, ಮುಂದಿನವನ ಕೆಂಪು ದೀಪ ನೋಡಿಕೊಂಡು ದಿಬ್ಬಣ ಹೊರಟಂತೆ ಹೊರಡಬೇಕು. ಆ ಸಾಲನ್ನು ಮುನ್ನಡೆಸುತ್ತಿದ್ದವನು ಅಸ್ಲಾಕ್. ಅವನ ಹಿಂದೆ ಹೊರಟ ಒಂದು ಕಾರೂ ಯಾವತ್ತೂ ಕಂದಕಕ್ಕೆ ಬಿದ್ದದ್ದಿಲ್ಲ. ಅದೇ ಅವನ ಆಸ್ತಿ. ನಮಗಿರುವುದೂ ಅದೊಂದೇ ಅಂತಿಟ್ಟುಕೊಳ್ಳಿ.

ಅವನ ಹಳೆಯ ಮಾತು ಯಾವುದೆಂದರೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಕಾರುಗಳ ಮೇಲಿನ ತಾತ್ಸಾರ. ಯಾರ ಮನೆಗೆ ಕಾಫಿಗೆ ಹೋದರೂ ಅದನ್ನು ಹೇಳದೆ ಎದ್ದು ಬರುತ್ತಿರಲಿಲ್ಲ.

"ಹೊರಡೋದು ಸಲೀಸು, ಒಪ್ಪಿದೆ. ದಿಣ್ಣೆ ಹತ್ತೋದೂ ಸಲೀಸು. ನಿಲ್ಲೋದು? ಬ್ರೇಕು ಎಲ್ಲಾ ಕಾರಿಗೂ ನಾಲ್ಕೇ. ಬೀಳೋ ಕಾರುಗಳನ್ನ ಎಳೆದು ಎಳೆದು ನೋಡಿದೀನಿ ನಾನು. ಎರಡೇ ಚಕ್ರಕ್ಕೆ ಬಲ ಇರೋವು ಮನೆ ಬಾಗಿಲ ಹತ್ರಾನೇ ಸಿಕ್ಕಾಕ್ಕೊಂಡಿರ್ತವೆ. ನಾಲ್ಕು ಚಕ್ರದವು ದೂರ ಹೋಗಿ, ಚೆನ್ನಾಗಿ ಬಿದ್ದಿರ್ತವೆ."

ಇಂಥವನು ಹೋದ ಶರತ್ಕಾಲದಲ್ಲಿ, ನನಗೊಂದು ಮಾತೂ ಹೇಳದೆ, ನಮ್ಮ ಹಳೆಯ ಕಾರನ್ನು ಮಾರಿ ನಾಲ್ಕು ಚಕ್ರದ್ದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ.

"ಏನಿದು?" ಅಂದೆ.

"ಕಾರು."

"ಕಾರು ಅಂತ ನಂಗೂ ಕಾಣ್ಸುತ್ತೆ. ನಮ್ದೆಲ್ಲಿ?"

"ಕೊಟ್ಬಿಟ್ಟೆ. ವಯಸ್ಸಾಗಿತ್ತು ಅದಕ್ಕೆ."

"ನಿಂಗೂ ಆಗಿದೆ. ನಾನೇನು ನಿನ್ನ ಮಾರಿದ್ನಾ?"

ಅವನು ನಗಲಿಲ್ಲ. ಸಾಮಾನ್ಯವಾಗಿ ನಗುತ್ತಾನೆ. ಅಲ್ಲಿಂದ ನನ್ನ ತಲೆಗೆ ಹುಳ ಹೊಕ್ಕಿತು.

ಹುಳ ಹೊಕ್ಕ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ಒಂದೊಂದಾಗಿ ಕಾಣತೊಡಗಿತು. ಅಸ್ಲಾಕ್ ಈಗ ಕಾರಿಗೆ ಕೂತ ತಕ್ಷಣ ಬಲಗಾಲಿನ ಬೂಟು ಬಿಚ್ಚಿ ಹಿಂದಕ್ಕೆ ಎಸೆದು, ಬರೀ ಉಣ್ಣೆಯ ಕಾಲುಚೀಲದಲ್ಲಿ ಓಡಿಸುತ್ತಾನೆ. ಬೂಟು ಬಿಚ್ಚಿ ಬೆಟ್ಟ ಹತ್ತುವವರಿಗೆ ಗೇಟಿನ ಹತ್ತಿರ ಎಲ್ಲರೆದುರು ಛೀಮಾರಿ ಹಾಕುತ್ತಿದ್ದವನು ಇವನೇ. ದಾರಿಯಲ್ಲಿ ಕಾರು ಹೂತುಹೋದರೆ ಬರಿಗಾಲಲ್ಲಿ ನಡೀತೀಯೇನೋ ಅಂತ. ಕೇಳಿದರೆ, "ಹೊಸ ಬೂಟು ಬಿಗಿ," ಅಂದ. ಅದು ನಾಲ್ಕು ಚಳಿಗಾಲ ಕಂಡ ಬೂಟು.

ಆಮೇಲೆ ಚಪ್ಪಲಿಯ ಸಂಗತಿ. ಕಟ್ಟಿಗೆ ತರುತ್ತೇನೆಂದು ಹೊರಗೆ ಹೋದವನು ಎಷ್ಟೋ ಹೊತ್ತು ಬಿಟ್ಟು ಬಂದ. ಒಂದು ಕಾಲಲ್ಲಿ ಮನೆಯ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ. ಕಾಲುಚೀಲಕ್ಕೆ ಹಿಮ ಮೆತ್ತಿಕೊಂಡು ಗಟ್ಟಿಯಾಗಿದೆ. ಒಲೆಯ ಮುಂದೆ ಆರಾಮಾಗಿ ಕೂತ.

"ಇನ್ನೊಂದು ಚಪ್ಪಲಿ ಎಲ್ಲಿ?"

ಕಾಲು ನೋಡಿಕೊಂಡ. ಮುಖ ಬಿಳುಚಿತು. "ಎಲ್ಲೋ ಜಾರಿರ್ಬೇಕು," ಅಂದ.

ಜಾರಿರಬೇಕಂತೆ! ಹೊರಗೆ ಮೂಗು ಉದುರುವ ಚಳಿ. ಕಾಲಿಂದ ಚಪ್ಪಲಿ ಹೋದದ್ದು ಯಾವ ಗಂಡಸಿಗೆ ಗೊತ್ತಾಗುವುದಿಲ್ಲ? ಇನ್ನೊಬ್ಬರ ಮನೆಯಲ್ಲಿ ಬಿಚ್ಚಿಟ್ಟು, ಗಡಿಬಿಡಿಯಲ್ಲಿ ಮರೆತು ಬಂದವನಿಗೆ. ನಮ್ಮ ಕಟ್ಟಿಗೆ ಗೂಡಿಗೆ ಅಂಟಿಕೊಂಡೇ ಇರುವ ಮನೆ ಒಡ್ನಿಯದು. ಗಂಡ ತೀರಿಕೊಂಡ ಮೇಲೆ ದೋಣಿ ನಿಲ್ಲುವ ದಕ್ಕೆಯ ಹತ್ತಿರ ಕಾಫಿ ಅಂಗಡಿ ನಡೆಸುತ್ತಾಳೆ. ಈ ವಯಸ್ಸಿನಲ್ಲೂ ತುಟಿಗೆ ಬಣ್ಣ ಹಚ್ಚುತ್ತಾಳೆ.

ಮರುದಿನ ಬೆಳಿಗ್ಗೆಯೇ ಸಕ್ಕರೆ ಕೇಳುವ ನೆಪದಲ್ಲಿ ಅವಳ ಮನೆಗೆ ಹೋದೆ. ಬಾಗಿಲ ಬಳಿ ಸಾಲಾಗಿಟ್ಟ ಪಾದರಕ್ಷೆಗಳ ಮೇಲೆಲ್ಲ ಕಣ್ಣಾಡಿಸಿದೆ.

"ಸಕ್ಕರೆ ಡಬ್ಬ ಮೇಲಿದೆ, ಗುನ್ವೋರ್," ಅಂದಳು ಒಡ್ನಿ. "ನೀನೇನು ನೆಲದಲ್ಲಿ ಹುಡುಕ್ತಿದೀಯಾ?"

"ಬೆನ್ನು ನೋವು. ಬಗ್ಗಿದ್ರೆ ಹಾಯಾಗುತ್ತೆ."

"ಹಾಗೇ ಮಂಚದ ಕೆಳಗೂ ಬಗ್ಗಿ ನೋಡ್ಕೊಂಡು ಹೋಗು ಮಾರಾಯ್ತಿ, ಇನ್ನೂ ಹಾಯಾಗುತ್ತೆ. ನಿನ್ನ ಗಂಡ ನಂಗೆ ಬೇಡ. ಕಾಫಿ ಕುಡಿದಾಗೆಲ್ಲ ಬ್ರೇಕಿನ ಬಗ್ಗೆ ಮಾತಾಡೋ ಗಂಡಸನ್ನ ಇಟ್ಕೊಂಡು ಏನು ಮಾಡ್ಲಿ?"

ನನಗೆ ಬೇಡದ ಸಕ್ಕರೆಯನ್ನು ಹೊತ್ತುಕೊಂಡು ಮನೆಗೆ ಬಂದೆ. ಚಪ್ಪಲಿ ನಮ್ಮ ಕಟ್ಟಿಗೆ ಗೂಡಿನ ಮುಂದೆಯೇ ಹಿಮದಲ್ಲಿ ನೆಟ್ಟಗೆ ನಿಂತಿತ್ತು. ಅಲ್ಲಿಂದ ಮನೆ ಬಾಗಿಲವರೆಗೆ ಒಂದು ಚಪ್ಪಲಿಯ ಗುರುತು, ಒಂದು ಬರೀ ಕಾಲುಚೀಲದ ಗುರುತು. ಅವನು ಹೇಳಿದ್ದು ನಿಜ. ಆದರೆ ಆ ನಿಜ ನನಗೆ ಸಮಾಧಾನ ಕೊಡಲಿಲ್ಲ. ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು.

ಹಾಗಿದ್ದರೆ ಹೆಂಡ, ಅಂದುಕೊಂಡೆ. ಮಧ್ಯಾಹ್ನದ ಊಟವಾದ ಮೇಲೆ ಅವನು ದಿನವೂ ಕಾರು ತೆಗೆದುಕೊಂಡು ಎಲ್ಲಿಗೋ ಹೋಗಿ ಬರುತ್ತಿದ್ದ. ಒಂದು ದಿನ ನಾನೂ ನನ್ನ ಒದೆಬಂಡಿ ಹೊರಗೆ ತೆಗೆದೆ. ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದರಿಂದ ಒದೆಯುತ್ತ ಹೋಗುವ ಜಾರುಬಂಡಿ ಅದು. ನಮ್ಮಲ್ಲಿ ಮುದುಕಿಯರ ಕುದುರೆ ಅಂದರೆ ಅದೇ. ಚಕ್ರದ ಗುರುತು ಹಿಡಿದು ಹೋದರೆ ಅದು ಹೆಪ್ಪುಗಟ್ಟಿದ ಕೆರೆಗೆ ಹೋಗಿ ಮುಟ್ಟಿತು. ದಡದ ಬರ್ಚ್ ಪೊದೆಗಳ ಹಿಂದೆ ಬಗ್ಗಿ ಕೂತೆ.

ಕೆರೆಯ ನಡುವೆ ಅವನೊಬ್ಬನೇ. ಮಂಜುಗಡ್ಡೆಯ ಮೇಲೆ ಒಂದು ಕೆಂಪು ಬಕೆಟ್ಟು ಇಟ್ಟಿದ್ದ. ದೂರದಿಂದ ಕಾರು ಓಡಿಸಿಕೊಂಡು ಬಂದು ಬಕೆಟ್ಟಿನ ಹತ್ತಿರ ನಿಲ್ಲಿಸುವುದು ಆಟ. ಕಾರು ಹೊರಡುವಾಗ ನೋಡಲು ಚೆಂದ. ಒಂದು ಚಕ್ರವೂ ಜಾರದೆ, ಒಂದು ಸದ್ದೂ ಇಲ್ಲದೆ ಬೇಸಿಗೆಯ ರಸ್ತೆಯಲ್ಲಿ ಹೊರಟಂತೆ ಹೊರಡುತ್ತಿತ್ತು. ನಿಲ್ಲುವಾಗ ಮಾತ್ರ ಬಕೆಟ್ಟನ್ನು ದಾಟಿ ಎಲ್ಲಿಯೋ ಹೋಗುತ್ತಿತ್ತು. ಒಮ್ಮೆ ಬಕೆಟ್ಟು ಕಾರಿನ ಕೆಳಗೇ ಸಿಕ್ಕಿ ಪಟಪಟ ಸದ್ದು ಮಾಡುತ್ತ ಎಳೆದುಕೊಂಡು ಹೋಯಿತು. ಇಳಿದು ಅದನ್ನು ತೆಗೆದು, ಮತ್ತೆ ಇಟ್ಟು, ಮತ್ತೆ ಶುರು ಮಾಡಿದ. ಕುಡಿದಿರಲಿಲ್ಲ. ಕುಡಿದವನ ನಡಿಗೆ ನನಗೆ ಗೊತ್ತು, ನನ್ನಪ್ಪ ಮೀನುಗಾರ.

ಅಷ್ಟು ದೊಡ್ಡ ಹಿಮದ ಲಾರಿಯನ್ನು ಬಿರುಗಾಳಿಯಲ್ಲಿ ಬೇಲಿಯ ಗೂಟಕ್ಕೆ ಮೂಗು ತಾಗುವಷ್ಟು ಹತ್ತಿರ ನಿಲ್ಲಿಸುತ್ತಿದ್ದ ಮನುಷ್ಯ ಬಕೆಟ್ಟಿನೆದುರು ಪಾಠ ಒಪ್ಪಿಸುತ್ತಿದ್ದಾನೆ, ಅದೂ ತಪ್ಪು ತಪ್ಪಾಗಿ. ತಪ್ಪು ಕಾರಿನದೇ ಇರಬೇಕು ಅಂದುಕೊಂಡೆ. ಗಂಡನನ್ನು ಅನುಮಾನಿಸುವುದಕ್ಕಿಂತ ಕಾರನ್ನು ಅನುಮಾನಿಸುವುದು ಸುಲಭ.

ಹಾಗಾಗಿ ಅವನು ಸ್ನಾನಕ್ಕೆ ಕೂತಿದ್ದಾಗ ಕೀಲಿ ತೆಗೆದುಕೊಂಡು ನಾನೇ ಊರೊಳಗೆ ಒಂದು ಸುತ್ತು ಹೊರಟೆ. ನಮ್ಮ ಹಳೆಯ ಕಾರಿಗೆ ಬರೀ ಮುಂದಿನ ಎರಡು ಚಕ್ರದ ಬಲ. ಅದೊಂದು ಗೊಣಗುವ ಮುದುಕಿ. ರಸ್ತೆ ಸ್ವಲ್ಪ ಜಾರಿದರೂ ಚಕ್ರ ಗಿರ್ರನೆ ತಿರುಗಿಸಿ, ಮೂತಿ ಆ ಕಡೆ ಈ ಕಡೆ ಆಡಿಸಿ, "ಇವತ್ತು ಬೇಡ, ಮನೆಯಲ್ಲಿರು" ಅಂತ ಅಂಗಳದಲ್ಲೇ ಹೇಳಿಬಿಡುತ್ತಿತ್ತು. ಹೊಸದು ಹಾಗಲ್ಲ. ಚರ್ಚಿನ ದಿಣ್ಣೆಯ ಮೇಲೆ ಗಾಜಿನಂಥ ಮಂಜು. ತುಟಿ ಎರಡು ಮಾಡದೆ ಹತ್ತಿತು. ರಸ್ತೆ ಪರವಾಗಿಲ್ಲ ಅಂತ ನಂಬಿಬಿಟ್ಟೆ. ನಾನು! ನಂಬಿಬಿಟ್ಟೆ! ಆಚೆ ಬದಿ ಇಳಿಯುವಾಗ ಬ್ರೇಕು ಒತ್ತಿದರೆ ಪೆಡಲು ಪಾದಕ್ಕೆ ಟಕಟಕಟಕ ಬಡಿಯತೊಡಗಿತು. ಚಕ್ರ ಹಿಡಿತ ತಪ್ಪಿದಾಗ ಬ್ರೇಕು ಕೊಡುವ ಸೂಚನೆ ಅದು. ಕಾರು ಮಾತ್ರ ತನ್ನ ಪಾಡಿಗೆ ತಾನು ದಕ್ಕೆಯ ಕಡೆಗೆ ಹೊರಟಿತ್ತು. ಮೀನು ಒಣಗಿಸುವ ಕಂಬಗಳಿಗೆ ಇನ್ನೇನು ಗುದ್ದಬೇಕು, ಅಷ್ಟರಲ್ಲಿ ನಿಂತಿತು. ಒಡ್ನಿ ಅಂಗಡಿಯ ಕಿಟಕಿಯಿಂದ ಕೈ ಬೀಸಿದಳು.

ಮನೆಗೆ ಬಂದವಳೇ ಅಸ್ಲಾಕನ ಮೇಲೆ ಹರಿಹಾಯ್ದೆ. "ಈ ಕಾರು ಮಹಾ ಕಳ್ಳ. ಹೋಗುವಾಗ ಏನೂ ಹೇಳಲ್ಲ. ರಸ್ತೆ ಜಾರುತ್ತೆ ಅಂತ ಗೊತ್ತಾಗೋದು ನಿಲ್ಲಿಸೋಕೆ ಹೋದಾಗ. ಅಷ್ಟೊತ್ತಿಗೆ ಎಲ್ಲಾ ಮುಗಿದಿರುತ್ತೆ."

"ನಾನು ಹೇಳ್ತಾನೇ ಇದ್ನಲ್ಲ," ಅಂದ ಮೆಲ್ಲಗೆ.

"ಹೇಳ್ತಿದ್ದವನು ತಂದಿದ್ಯಾಕೆ ಮತ್ತೆ?"

ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ತಿರುಗಿ ನನಗೇ ಒಂದು ಪ್ರಶ್ನೆ ಕೇಳಿದ. "ಪೆಡಲು ಬಡೀತು ಅಂದ್ಯಲ್ಲ. ಎಷ್ಟು ಜೋರಾಗಿ? ಒತ್ತಿದ ತಕ್ಷಣಾನಾ, ಆಮೇಲಾ? ಹೆಬ್ಬೆರಳ ಹತ್ರ ಗೊತ್ತಾಯ್ತಾ, ಹಿಮ್ಮಡೀಲಾ?"

ಹಸಿದವನು ಪಕ್ಕದ ಮನೆಯ ಊಟದ ಬಗ್ಗೆ ಕೇಳಿದ ಹಾಗಿತ್ತು ಅವನು ಕೇಳಿದ ರೀತಿ. ಜೀವಮಾನವೆಲ್ಲ ಬ್ರೇಕು ತುಳಿದ ಕಾಲು ಅವನದು. ನನ್ನನ್ನು ಯಾಕೆ ಕೇಳುತ್ತಾನೆ? ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಬಂತು, ಮಗಳು ಸನ್ನಿವಾಳದು.

ಸನ್ನಿವಾ ಬೆಟ್ಟದ ಆಚೆ ಪೇಟೆಯಲ್ಲಿ ದಾದಿ. ಇಲ್ವಾ ಎಂಬ ಹೆಸರಿನ ಅವಳ ಮಗಳು, ನಮ್ಮ ಮೊಮ್ಮಗಳು, ಚಳಿಗಾಲದ ರಜೆಗೆ ನಮ್ಮ ಜೊತೆ ಇದ್ದಳು. ಆರು ವರ್ಷದ ಬಾಯಿಬಡುಕಿ, ನನ್ನ ಕಣ್ಣು ಅವಳಿಗೆ ಬಂದಿದೆ ಅನ್ನುತ್ತಾರೆ. ರಜೆ ಮುಗಿದಿತ್ತು, ಅವಳನ್ನು ಮಾರನೆಯ ದಿನ ಬೆಟ್ಟ ದಾಟಿಸಿ ಅಮ್ಮನ ಹತ್ತಿರ ಬಿಡಬೇಕಿತ್ತು. ಗಾಳಿ ಏಳುವ ಸುದ್ದಿಯೂ ಇತ್ತು.

ಬೆಳಿಗ್ಗೆ ಬ್ರೆಡ್ಡಿನ ಮೇಲೆ ಕಂದು ಚೀಸು ಹಚ್ಚಿಕೊಡುತ್ತ ಹೇಳಿ ನೋಡಿದೆ. "ಇವತ್ತು ನಾನು ಓಡಿಸ್ತೀನಿ."

ಅಸ್ಲಾಕ್ ಚಾಕು ಕೆಳಗಿಟ್ಟ. "ಬೆಟ್ಟದ ಮೇಲೆ ನನ್ನನ್ನ ಪಕ್ಕದ ಸೀಟಲ್ಲಿ ಕೂರಿಸ್ತೀಯಾ? ಗೇಟಲ್ಲಿ ನನ್ನ ಶಿಷ್ಯ ಹಾಲ್ವರ್ ಇರ್ತಾನೆ. ಊರಿನ ಅರ್ಧ ಜನ ಇರ್ತಾರೆ. ಹೆಂಡತಿ ಹತ್ರ ಓಡಿಸ್ಕೊಂಡು ಬಂದ ಅಸ್ಲಾಕ್ ಅಂತ ನೋಡ್ಲಿ, ಅಲ್ವಾ?"

"ನೋಡಿದ್ರೆ ಸವೆದು ಹೋಗ್ತೀಯಾ?"

"ಹೌದು," ಅಂದ. ತಮಾಷೆಗೆ ಹೇಳಿದ್ದಲ್ಲ ಅದು.

ನನ್ನ ಅನುಮಾನಕ್ಕೆ ಇನ್ನೂ ಹೆಸರಿರಲಿಲ್ಲ. ಹೆಸರಿಲ್ಲದ ಅನುಮಾನ ಹಿಡಿದುಕೊಂಡು ಗಂಡನ ಮಾನ ಕಳೆಯುವುದು ಹೇಗೆ? ಆದರೆ ಹಿಂದಿನ ಸೀಟಿನಲ್ಲಿ ಇಲ್ವಾಳ ಬೆಲ್ಟನ್ನು ಬಿಗಿದು ಎರಡೆರಡು ಸಲ ಎಳೆದು ನೋಡಿದೆ.

ಗೇಟು ಬಿದ್ದಿತ್ತು. ಬೆಟ್ಟದ ಮೇಲೆ ಆಕಾಶ ಯಾವುದು, ರಸ್ತೆ ಯಾವುದು ಎಂದು ಹೇಳುವ ಹಾಗಿರಲಿಲ್ಲ. ಹಿಮದ ಲಾರಿಯ ಹಳದಿ ದೀಪ ಸುತ್ತುತ್ತಿತ್ತು. ಕಾರುಗಳು ಸಾಲುಗಟ್ಟಿದ್ದವು. ಹಾಲ್ವರ್ ಒಂದೊಂದೇ ಕಾರಿನ ಕಿಟಕಿಗೆ ಬಗ್ಗಿ ವಿಚಾರಿಸುತ್ತ ಬರುತ್ತಿದ್ದ. ಅಸ್ಲಾಕನ ಕೈಕೆಳಗೆ ಕೆಲಸ ಕಲಿತವನು, ಈಗ ಅವನ ಜಾಗದಲ್ಲಿ ಇದ್ದಾನೆ. ನಮ್ಮ ಮುಂದಿನ ಕಾರಿನಲ್ಲಿದ್ದವಳನ್ನು ಕೇಳುತ್ತಿದ್ದುದು ಗಾಳಿಯಲ್ಲೂ ಕೇಳಿಸಿತು.

"ಟೈರಿಗೆ ಜಾರದ ಹಾಗೆ ಮೊಳೆ ಹೊಡ್ಸಿದೀರಾ? ಸಲಿಕೆ? ಬೆಚ್ಚಗಿನ ಬಟ್ಟೆ? ಕಾಲಲ್ಲಿ ಬೂಟು ಇದ್ಯಾ, ತೋರ್ಸಿ. ಓಡಿಸೋಕೆ ನೀವು ಸರಿಯಾಗಿದ್ದೀರಾ? ನಿದ್ದೆ ಗಿದ್ದೆ ಇಲ್ಲ ತಾನೆ? ಇಲ್ಲ ಅನ್ಸಿದ್ರೆ ಈಗ್ಲೇ ಹೇಳಿ, ಅವಮಾನ ಏನಿಲ್ಲ."

ಪ್ರತಿಯೊಬ್ಬರಿಗೂ ಕೇಳಲೇಬೇಕಾದ ಪ್ರಶ್ನೆಗಳು ಅವು. ಶುರು ಮಾಡಿದವನೇ ಅಸ್ಲಾಕ್. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಇವನನ್ನೂ ಕೇಳುತ್ತಾನೆ. ಹಾಲ್ವರನ ಮುಖ ನೋಡಿಕೊಂಡು ಇವನು ಸುಳ್ಳು ಹೇಳಲಾರ. ನಾನು ಬಾಯಿ ಬಿಡದೆಯೇ ಎಲ್ಲ ಹೊರಗೆ ಬರುತ್ತದೆ.

ಹಾಲ್ವರ್ ಬಂದ. ಮುಖ ಅರಳಿತು. "ಓಹೋ, ಗುರುಗಳು! ನಿಮ್ಮನ್ನೇನು ಕೇಳೋದು, ನಾಚಿಕೆಗೇಡು. ನಾಲ್ಕು ಚಕ್ರದ್ದು ಬೇರೆ ತಂದಿದೀರಂತೆ, ಊರೆಲ್ಲ ನಗ್ತಿದೆ. ನೀವು ನನ್ನ ಬೆನ್ನಿಗೇ ಬನ್ನಿ. ನೀವು ಹಿಂದಿದ್ರೆ ನಂಗೂ ಧೈರ್ಯ."

ಲಾರಿಯ ಹಿಂದಿನ ಮೊದಲ ಜಾಗ. ಮರ್ಯಾದೆಯ ಜಾಗ. ಇಳಿಜಾರಿನ ತಿರುವಿನಲ್ಲಿ ಲಾರಿ ನಿಂತರೆ ಎಲ್ಲರಿಗಿಂತ ಮೊದಲು ನಿಲ್ಲಬೇಕಾದ ಜಾಗವೂ ಅದೇ. ಆ ತಿರುವಿನ ಆಚೆ ಬೇಲಿಯಿಲ್ಲ, ಗಾಳಿ ಮಾತ್ರ ಇದೆ. ಊರಿಗೆ ಊರೇ ಈ ಮನುಷ್ಯನನ್ನು ಗೌರವಿಸಿ ಗೌರವಿಸಿ ನನ್ನ ಮೊಮ್ಮಗಳನ್ನು ಅಲ್ಲಿಗೆ ಕಳಿಸುತ್ತಿತ್ತು.

ನಮ್ಮಲ್ಲಿ ಓಡಿಸುವವನ ಸೀಟು ಎಡಕ್ಕೆ. ಅಸ್ಲಾಕ್ ತನ್ನ ಬದಿಯ ಕಿಟಕಿಗೆ ಪೂರ್ತಿ ತಿರುಗಿ ಹಾಲ್ವರನ ಜೊತೆ ಗಾಳಿಯ ದಿಕ್ಕಿನ ಬಗ್ಗೆ ಮಾತಿಗೆ ಇಳಿದ. ಬೂಟು ಬಿಚ್ಚಿದ ಬಲಗಾಲು ನನ್ನ ಕಡೆಗೆ ಚಾಚಿಕೊಂಡಿತ್ತು, ಬೂದು ಬಣ್ಣದ ಕಾಲುಚೀಲ, ನಾನೇ ಹೆಣೆದದ್ದು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಕಪ್ಪಿನಿಂದ ಹಬೆ ಏಳುತ್ತಿತ್ತು. ಚಪ್ಪಲಿ ನೆನಪಾಯಿತು. ಕೆಂಪು ಬಕೆಟ್ಟು ನೆನಪಾಯಿತು. ಹೆಬ್ಬೆರಳ ಹತ್ರ ಗೊತ್ತಾಯ್ತಾ, ಹಿಮ್ಮಡೀಲಾ?

ಕೈ ತಪ್ಪಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕಪ್ಪನ್ನು ಬಗ್ಗಿಸಿದೆ. ಕಾಫಿಯನ್ನೆಲ್ಲ ಆ ಕಾಲಿನ ಮೇಲೆ ಸುರಿದೆ.

ಕಿರುಚಲಿ, ದೇವರೇ, ಅಂದುಕೊಂಡೆ. ಕಿರುಚಲಿ, ನನ್ನ ತಲೆಯ ಮೇಲೊಂದು ಕೊಡಲಿ, ಹಾಳು ಮುದುಕಿ ಅಂತ ಬೈಯಲಿ. ನನ್ನ ಅನುಮಾನ ಸುಳ್ಳಾಗಲಿ ಅಂತ ಅವತ್ತಿನಷ್ಟು ನಾನು ಯಾವತ್ತೂ ಬೇಡಿಕೊಂಡಿಲ್ಲ.

"ವಾಯುವ್ಯದ್ದಾದ್ರೆ ತಿರುವಲ್ಲಿ ಹಿಮ ಗುಡ್ಡೆ ಹಾಕಿರುತ್ತೆ," ಅನ್ನುತ್ತಿದ್ದ ಅಸ್ಲಾಕ್. "ಅಲ್ಲಿ ನಿಧಾನ ಮಾಡು. ಬಲಗಡೆ ರಸ್ತೆ ಅಂಚಿನ ಗೂಟ ನೋಡ್ಕೋ."

ಹಿಂದಿನ ಸೀಟಿನಿಂದ ಇಲ್ವಾ ನಮ್ಮಿಬ್ಬರ ನಡುವೆ ತಲೆ ತೂರಿಸಿದಳು. "ಅಜ್ಜಾ! ಅಜ್ಜಾ, ನಿನ್ನ ಕಾಲಿಂದ ಹೊಗೆ ಬರ್ತಿದೆ!"

ಅಸ್ಲಾಕ್ ಮಾತು ನಿಲ್ಲಿಸಿದ. ಕೆಳಗೆ ನೋಡಿದ. ಒದ್ದೆ ಕಾಲುಚೀಲದಿಂದ ಹಬೆ ಸಣ್ಣಗೆ ಏಳುತ್ತಿತ್ತು. ಅದು ಯಾರದೋ ಕಾಲು ಅನ್ನುವಂತೆ ನೋಡುತ್ತ ಕೂತ. ಆಮೇಲೆ ಖಾಲಿ ಕಪ್ಪು ನೋಡಿದ. ಆಮೇಲೆ ನನ್ನನ್ನು.

"ಯಾವಾಗಿಂದ ಗೊತ್ತು ನಿಂಗೆ?"

"ಈಗಿಂದ."

ಕಿಟಕಿಯಲ್ಲಿ ಹಾಲ್ವರನ ಮುಖದ ನಗು ಹೋಗಿತ್ತು. ಗಾಳಿ ಒಳಗೆ ಹಿಮ ತೂರುತ್ತಿತ್ತು. ಯಾರೂ ಗಾಜು ಏರಿಸಲಿಲ್ಲ.

"ಸಕ್ಕರೆ ಕಾಯಿಲೆ," ಅಂದ ಅಸ್ಲಾಕ್, ನನಗೋ ಅವನಿಗೋ ತಿಳಿಯಲಿಲ್ಲ. "ಶರತ್ಕಾಲದಲ್ಲಿ ಡಾಕ್ಟ್ರು ಹೇಳಿದ್ರು. ಜೋಮು ಕಾಲ್ಬೆರಳಿಂದ ಶುರುವಾಗಿ ಮೇಲಕ್ಕೆ ಬರ್ತಿದೆ. ಹಳೇ ಕಾರು ಏನು ಹೇಳಿದ್ರೂ ಕಾಲಿಗೆ ಹೇಳ್ತಿತ್ತು. ಬೂಟು ಬಿಚ್ಚಿದ್ರೂ ಕಾಲಿಗೇ ಕೇಳ್ಸಲ್ಲ ಈಗ. ಈ ಕಾರಾದ್ರೆ ಹೊರಡುವಾಗ ಏನೂ ಹೇಳಲ್ವಲ್ಲ, ನಂಗೆ ಕೇಳ್ಸಲ್ಲ ಅಂತ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ನಿಲ್ಸೋದನ್ನ ಅಭ್ಯಾಸ ಮಾಡಿದ್ರೆ ಬರುತ್ತೆ ಅಂದ್ಕೊಂಡೆ."

"ಬಂತಾ?" ಅಂದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ನೀನೇ ನೋಡಿದ್ಯಲ್ಲ, ಪೊದೆ ಹಿಂದೆ ಕೂತು. ನಿನ್ನ ನೀಲಿ ಟೋಪಿ ಅರ್ಧ ಮೈಲಿ ದೂರಕ್ಕೆ ಕಾಣುತ್ತೆ ಮಾರಾಯ್ತಿ."

ಹಾಲ್ವರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ, ತನ್ನ ಗುರುವನ್ನು ಹುಟ್ಟಿದ ಮೇಲೆ ಮೊದಲ ಸಲ ಹೆಸರು ಹಿಡಿದು ಕರೆದ. "ಅಸ್ಲಾಕ್. ಓಡಿಸೋಕೆ ನೀವು ಸರಿಯಾಗಿದ್ದೀರಾ?"

ಅಸ್ಲಾಕ್ ಎರಡೂ ಕೈಯನ್ನು ಸ್ಟಿಯರಿಂಗಿನಿಂದ ತೆಗೆದ. "ಇಲ್ಲ," ಅಂದ.

ಬಾಗಿಲು ತೆಗೆದು ಇಳಿದ. ಸಾಲಿನಲ್ಲಿದ್ದ ಎಲ್ಲ ಕಾರುಗಳ ದೀಪ ಅವನ ಮೇಲಿತ್ತು. ಕಾರಿನ ಮುಂದಿನಿಂದ ಸುತ್ತಿಕೊಂಡು ನನ್ನ ಕಡೆಗೆ ಬಂದ, ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಒದ್ದೆ ಕಾಲುಚೀಲ. ಮೊಣಕಾಲುದ್ದ ಹಿಮದಲ್ಲಿ ಆ ಬರಿಗಾಲನ್ನು ಅಂಗಳದಲ್ಲಿ ನಡೆಯುವವನಂತೆ ಇಟ್ಟು ನಡೆದ. ಬೂಟು ಮರೆತದ್ದು ಅವನಿಗೆ ಗೊತ್ತೇ ಇರಲಿಲ್ಲ. ನಾನು ಅತ್ತುಬಿಟ್ಟೆ. ಒಡ್ನಿಯ ಮಂಚದ ಕೆಳಗೆ ಆ ಚಪ್ಪಲಿ ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ಅನ್ನಿಸಿತು.

ಕಾಲುಚೀಲ ಬಿಚ್ಚಿ ನೋಡಿದೆವು. ಕೆಂಪಾಗಿತ್ತು, ಬೊಬ್ಬೆ ಎದ್ದಿರಲಿಲ್ಲ. ಹಾಲ್ವರ್ ಲಾರಿಯಿಂದ ಮುಲಾಮು ತಂದ. ಇಲ್ವಾ ತನ್ನ ಕೆಂಪು ಉಣ್ಣೆಯ ಮಫ್ಲರು ಬಿಚ್ಚಿ ಕೊಟ್ಟಳು, ಅದನ್ನೇ ಸುತ್ತಿದೆವು. ನಾನು ಸ್ಟಿಯರಿಂಗಿನ ಮುಂದೆ ಕೂತೆ.

"ನೀವು ಸಾಲಿನ ಕೊನೇಲಿ ಬನ್ನಿ ಅಕ್ಕಾ," ಅಂದ ಹಾಲ್ವರ್ ನನಗೆ.

"ಬೇಡ," ಅಂದ ಅಸ್ಲಾಕ್ ಪಕ್ಕದ ಸೀಟಿನಿಂದ. "ನಿನ್ನ ಬೆನ್ನಿಗೇ ಬರ್ತಾಳೆ. ಇವಳು ಹುಟ್ಟಿದಾಗಿಂದ ಏನನ್ನೂ ನಂಬಿದವಳಲ್ಲ. ಬೆಟ್ಟಕ್ಕೆ ಅಂಥವರೇ ಸರಿ."

ಮದುವೆಯಾದಾಗಿನಿಂದ ಅವನ ಬಾಯಲ್ಲಿ ಬಂದ ಹೊಗಳಿಕೆ ಅದೊಂದೇ ಇರಬೇಕು. ಗೇಟು ಎದ್ದಿತು. ಹೊರಟೆವು.

ಹತ್ತುವಾಗ ಕಾರು ಮತ್ತೆ ಅದೇ ಮಳ್ಳಿ ಆಟ ಶುರು ಮಾಡಿತು. ನಾಲ್ಕೂ ಚಕ್ರ ನೆಲ ಕಚ್ಚಿಕೊಂಡು, ಏನೂ ಆಗಿಲ್ಲ ಅನ್ನುವಂತೆ ಏರಿತು. ಈ ಸಲ ನಾನು ಮರುಳಾಗಲಿಲ್ಲ. ನೇರ ರಸ್ತೆ ಸಿಕ್ಕಾಗೆಲ್ಲ ಬ್ರೇಕನ್ನು ಚೂರು ಮುಟ್ಟಿ ನೋಡುತ್ತಿದ್ದೆ. ತಾನಾಗಿ ಹೇಳದವರನ್ನು ಕೇಳಿಯೇ ತಿಳಿಯಬೇಕು. ಮುಟ್ಟಿದ ಕೂಡಲೇ ಪೆಡಲು ಪಾದಕ್ಕೆ ಟಕಟಕ ಬಡಿಯುತ್ತಿತ್ತು.

"ಬಡೀತಾ?" ಅಸ್ಲಾಕ್ ಕೇಳುತ್ತಿದ್ದ.

"ಬಡೀತು."

"ಹಾಗಾದ್ರೆ ಗಾಜೇ ಇದೆ ಕೆಳಗೆ. ಇನ್ನೂ ದೂರ ಬಿಡು. ಲಾರಿ ದೀಪ ಕಾಣೋಷ್ಟು ಸಾಕು, ಮುಟ್ಟೋಷ್ಟು ಬೇಡ. ಇಳಿಯೋಕೆ ಮುಂಚೇನೇ ಗೇರು ಕೆಳಗಿಳಿಸು. ತಿರುವಿಗೆ ಹೋಗಿ ಬ್ರೇಕು ಹಾಕ್ಬೇಡ, ತಿರುವಿಗೆ ಮುಂಚೆ ಹಾಕು. ತಿರುಗೋದಕ್ಕೂ ನಿಲ್ಲೋದಕ್ಕೂ ಎಂಜಿನ್ನು ಸಹಾಯಕ್ಕೆ ಬರಲ್ಲ, ಟೈರೇ ಬರ್ಬೇಕು."

"ಅಜ್ಜ ಪಾಠ ಮಾಡ್ತಿದಾನೆ," ಅಂದಳು ಇಲ್ವಾ.

"ಅಜ್ಜಿ ಕೇಳ್ತಿದಾಳೆ," ಅಂದ ಅಸ್ಲಾಕ್. "ಅದನ್ನ ನೆನಪಿಟ್ಕೋ, ಇನ್ನೊಂದ್ಸಲ ನೋಡೋಕೆ ಸಿಗಲ್ಲ."

ನೆತ್ತಿ ದಾಟಿದೆವು. ಇಳಿಜಾರಿನ ಆ ತಿರುವು ಬಂತು. ಎದುರಿನ ಬಿಳಿಯೊಳಗೆ ಲಾರಿಯ ಎರಡು ಕೆಂಪು ಚುಕ್ಕೆಗಳು ಇದ್ದಕ್ಕಿದ್ದಂತೆ ದಪ್ಪಗಾದವು. ಅಸ್ಲಾಕ್ ಹೇಳಿದ್ದ ಹಿಮದ ಗುಡ್ಡೆಗೆ ಹಾಲ್ವರ್ ಸಿಕ್ಕಿ ನಿಂತುಬಿಟ್ಟಿದ್ದ. ನಾನು ಒತ್ತಿದೆ. ಟಕಟಕಟಕಟಕ. ಕಾರು ಜಾರಿತು, ಕೆಂಪು ಚುಕ್ಕೆಗಳು ಹತ್ತಿರ ಬಂದವು, ಲಾರಿಯ ಹಿಂಬದಿಯ ಮಂಜು ಮೆತ್ತಿದ ನಂಬರು ಕಂಡಿತು. ಬಿಟ್ಟಿದ್ದ ಅಷ್ಟೂ ದೂರವನ್ನು ತಿಂದುಕೊಂಡು ಕಾರು ನಿಂತಿತು. ಲಾರಿಗೂ ನಮಗೂ ನಡುವೆ ಇಲ್ವಾ ಅಡ್ಡ ಮಲಗುವಷ್ಟು ಜಾಗ ಉಳಿದಿತ್ತು.

ಹಿಂದಿನ ಕಾರುಗಳೂ ಒಂದೊಂದಾಗಿ ನಿಂತವು. ಗಾಳಿ ಮಾತ್ರ ಕಾರನ್ನು ಅಲುಗಾಡಿಸುತ್ತಿತ್ತು. ಅಸ್ಲಾಕನ ಕಡೆ ನೋಡಿದೆ. ಕೆಂಪು ಮಫ್ಲರು ಸುತ್ತಿದ ಕಾಲು ಅವನ ಮುಂದಿನ ನೆಲವನ್ನು ಬಲವಾಗಿ ಒತ್ತಿಕೊಂಡಿತ್ತು, ಅಲ್ಲೊಂದು ಬ್ರೇಕು ಇರುವ ಹಾಗೆ.

"ನಿಂತ್ವಿ ಮಾರಾಯ," ಅಂದೆ. "ಬಿಡು ಈಗ."

"ಯಾವಾಗ್ಲೋ ಬಿಟ್ಟೆನಲ್ಲ," ಅಂದ ಅಸ್ಲಾಕ್.

ಕಾಲು ಒತ್ತಿಕೊಂಡೇ ಇತ್ತು. ನಾನು ಬಗ್ಗಿ ಎರಡೂ ಕೈಯಲ್ಲಿ ಅದನ್ನು ಮೆಲ್ಲಗೆ ಎತ್ತಿದೆ.